ಕನ್ನಡ, ಮಲಯಾಳ ಎರಡೂ ಒಂದೇ ಪುಟದಲ್ಲಿರುವ, ಮನೆಯವರ ಬಗ್ಗೆ ಇರುವ ಚಿತ್ರಪುಸ್ತಕ ಎಲ್ಲಾದರೂ ಉಂಟಾ?

ಸೀತಾಂಗೋಳಿ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡಿನ ಸೀತಾಂಗೋಳಿ ಹತ್ತಿರದವರು. ಮನೆಯಲ್ಲಿ ತುಳು. ಮಗಳು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದನೇ ಕ್ಲಾಸು. ಆರು ವರ್ಷ ತುಂಬಿದೆ. ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತಾಳೆ.

ಪಕ್ಕದ ಮನೆಯವರದು ಮಲಯಾಳ. ಅಲ್ಲಿಯ ಹಿರಿಯರನ್ನು ಅವರ ಮೊಮ್ಮಕ್ಕಳು ‘ಅಮ್ಮಮ್ಮ’ ಅನ್ನುತ್ತಾರೆ, ಇವಳೂ ಹಾಗೆಯೇ ಕರೆಯುತ್ತಾಳೆ. ನನಗೆ ಸಂಜೆ ಆರರವರೆಗೆ ಹೊಲಿಗೆ ಮಿಷನ್ ಬಿಟ್ಟು ಏಳುವ ಹಾಗಿಲ್ಲ. ಹಾಗಾಗಿ ಶಾಲೆಯಿಂದ ಬಂದವಳು ಬ್ಯಾಗ್ ಜಗಲಿಯಲ್ಲಿಟ್ಟು ಅಲ್ಲಿಗೇ ಓಡುವುದು. ಮಲಯಾಳ ಮಾತು ತಾನಾಗಿ ಬಾಯಿಗೆ ಬಂದಿದೆ. ಓದಲು ಮಾತ್ರ ಬರುವುದಿಲ್ಲ. ಅಮ್ಮಮ್ಮ ಪೇಪರ್ ಓದುವಾಗ ಪಕ್ಕದಲ್ಲಿ ಕೂತು ‘ಇದು ಎಂತ, ಇದು ಎಂತ’ ಅಂತ ಕೇಳುತ್ತಾಳಂತೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಹೋದ ಡಿಸೆಂಬರ್ ರಜೆಯಲ್ಲಿ ಬಂದಾಗ, ಅವಳ ಮಗ ಓದಿ ಬಿಟ್ಟ ಮೂರು ಚಿತ್ರಪುಸ್ತಕ ತಂದುಕೊಟ್ಟಳು. ಮೂರೂ ಮನೆಯವರ ಬಗ್ಗೆ. ಅಜ್ಜಿ, ಅಪ್ಪ, ಚಿಕ್ಕಮ್ಮ, ಹೊಸದಾಗಿ ಹುಟ್ಟಿದ ಮಗು. ಪುಟದ ಮೇಲೆ ಇಂಗ್ಲಿಷ್, ಕೆಳಗೆ ಸ್ಪ್ಯಾನಿಷ್. ಮಗಳು ಎರಡನ್ನೂ ಓದಲಾರಳು, ಆದರೆ ಚಿತ್ರ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, ‘ದೊಡ್ಡಮ್ಮ, ಎರಡು ಸಲ ಬರೆದದ್ದು ಯಾಕೆ?’

‘ಒಂದು ಶಾಲೆಯ ಮಾತು, ಇನ್ನೊಂದು ಮನೆಯ ಮಾತು’ ಅಂದಳು ಅಕ್ಕ.

‘ಹಾಗಾದ್ರೆ ನನ್ನದೂ ಅಮ್ಮಮ್ಮನದೂ ಇರುವ ಪುಸ್ತಕ ಎಲ್ಲಿ?’

ಅವತ್ತಿನಿಂದ ಹುಡುಕುತ್ತಾ ಇದ್ದೇನೆ. ನಮ್ಮ ಊರಿನ ವಾಯನಶಾಲೆಯಲ್ಲಿ ಕೇಳಿದೆ. ಮಲಯಾಳದ ಮಕ್ಕಳ ಪುಸ್ತಕ ಎರಡು ಕಪಾಟು ತುಂಬಾ ಉಂಟು, ಕನ್ನಡದ್ದು ಒಂದು ಸಾಲು. ಎರಡೂ ಒಟ್ಟಿಗೆ ಇರುವುದು ಒಂದೂ ಇಲ್ಲ. ಆನ್‌ಲೈನ್‌ನಲ್ಲಿ ಕನ್ನಡ–ಇಂಗ್ಲಿಷ್ ಪುಸ್ತಕ ಒಂದನ್ನು ತರಿಸಿದೆ. ಬಂದ ಪುಸ್ತಕದಲ್ಲಿ ಒತ್ತಕ್ಷರ ಎಲ್ಲಾ ಒಡೆದುಹೋಗಿತ್ತು. ‘ಅಮ್ಮ’ ಅಂತ ಇರಬೇಕಾದಲ್ಲಿ ‘ಅಮ್‌ಮ’ ಅಂತ ಅಚ್ಚಾಗಿತ್ತು. ಕಂಪ್ಯೂಟರಿನಲ್ಲಿ ಅಕ್ಷರ ಸರಿಯಾಗಿ ಕೂಡಿಕೊಳ್ಳದೆ ಹಾಗಾದದ್ದು ಅಂತ ಕಾಣುತ್ತದೆ. ಮಗಳು ‘ಅಮ್... ಮ’ ಅಂತ ಓದಿ ನನ್ನ ಮುಖ ನೋಡಿದಳು. ಓದಲು ಕಲಿಯುವ ಮಗುವಿನ ಕೈಗೆ ಇಂಥದ್ದು ಕೊಡಬಾರದು. ನನಗೆ ನಿಜವಾಗಿ ಬೇಸರ ಆಯಿತು. ಆ ಪುಸ್ತಕವನ್ನು ಮೇಲೆ ಎತ್ತಿಟ್ಟಿದ್ದೇನೆ.

ನಿಮ್ಮಲ್ಲಿ ಯಾರಿಗಾದರೂ ಇಂಥ ಪುಸ್ತಕ ಗೊತ್ತುಂಟಾ? ಇಲ್ಲದಿದ್ದರೆ ಮನೆಯಲ್ಲೇ ಮಾಡಬಹುದಾ? ಮಾಡುವುದಾದರೆ ಒಂದು ಪುಟಕ್ಕೆ ಎಷ್ಟು ಮಾತು ಬರೆಯಬೇಕು, ಯಾವ ಭಾಷೆ ಮೊದಲು? ತಿಳಿದವರು ಹೇಳಿ.


ಹೊಸಂಗಡಿ ಟೀಚರ್:

ತಂಗೀ, ನಾನು ಮಂಜೇಶ್ವರ ಕಡೆಯ ಶಾಲೆಗಳಲ್ಲಿ ಒಂದನೇ, ಎರಡನೇ ಕ್ಲಾಸಿಗೆ ಕಲಿಸಿ ನಿವೃತ್ತಿಯಾದವಳು. ಕನ್ನಡ–ಮಲಯಾಳ ಪುಸ್ತಕದ ವಿಷಯ ಬೇರೆಯವರು ಹೇಳಲಿ. ನನಗೆ ಗೊತ್ತಿರುವುದು ಕನ್ನಡದ ಪುಟದ ಕಷ್ಟ. ಅದನ್ನು ಹೇಳುತ್ತೇನೆ.

ಮನೆಯವರ ಬಗ್ಗೆ ಪುಸ್ತಕ ಅಂದರೆ ಸುಲಭ ಅಂತ ಎಲ್ಲರೂ ತಿಳಿದುಕೊಳ್ಳುತ್ತಾರೆ. ಒಮ್ಮೆ ಬರೆದು ನೋಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ದೊಡ್ಡಪ್ಪ, ಚಿಕ್ಕಮ್ಮ. ಎಲ್ಲದಕ್ಕೂ ಒತ್ತು! ಚಿಕ್ಕಮ್ಮನಿಗೆ ಎರಡೆರಡು. ಒತ್ತಿಲ್ಲದವರು ಅಂದರೆ ಮಾವ, ತಂಗಿ, ಭಾವ, ಹೀಗೆ ಕೆಲವರು ಮಾತ್ರ. ನಾವು ಶಾಲೆಯಲ್ಲಿ ಒತ್ತಕ್ಷರಕ್ಕೆ ಬರುವಾಗ ಮೂಲಾಕ್ಷರ ಮುಗಿದು, ಕಾಗುಣಿತ ಮುಗಿದು, ತಿಂಗಳುಗಟ್ಟಲೆ ಆಗಿರುತ್ತದೆ. ಅಂದರೆ ಮಗು ಹುಟ್ಟಿದಾಗಿನಿಂದ ಕೇಳಿದ ಮಾತುಗಳನ್ನೇ ಓದಲು ಕೊನೆಯವರೆಗೆ ಕಾಯಬೇಕು.

ಅದರಲ್ಲೂ ಒತ್ತುಗಳು ಒಂದೇ ಥರ ಇಲ್ಲ. ಅಕ್ಕ, ಅಪ್ಪ, ಅಜ್ಜ ಇವುಗಳಲ್ಲಿ ಕೆಳಗೆ ಕೂತಿರುವುದು ಹೆಚ್ಚುಕಡಿಮೆ ಅದೇ ಅಕ್ಷರ, ಸಣ್ಣದಾಗಿ. ಮಗು ಗುರುತು ಹಿಡಿಯುತ್ತದೆ. ‘ಅಮ್ಮ’ದ ಮ ಒತ್ತು ಹಾಗಲ್ಲ, ಮ ಅಕ್ಷರಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ‘ಅತ್ತೆ’ಯ ತ ಒತ್ತು ಕೂಡ ಹಾಗೆ. ಆದರೂ ನೋಡಿ, ನನ್ನ ಕ್ಲಾಸಿನ ಮಕ್ಕಳೆಲ್ಲ ‘ಅಮ್ಮ’ ಎಂಬುದನ್ನು ಎಲ್ಲಕ್ಕಿಂತ ಮೊದಲೇ ಓದುತ್ತಿದ್ದರು. ಅವರು ಅದನ್ನು ಬಿಡಿಸಿ ಓದುತ್ತಿರಲಿಲ್ಲ. ಒಬ್ಬರ ಮುಖ ನೋಡಿ ಗುರುತು ಹಿಡಿಯುವ ಹಾಗೆ ಇಡೀ ಪದವನ್ನು ಗುರುತು ಹಿಡಿಯುತ್ತಿದ್ದರು.

ಅದಕ್ಕೇ ನನ್ನ ಮಾತು ಇಷ್ಟು. ಒತ್ತು ಬರಲಿ ಅಂತ ಕಾಯಬೇಡಿ. ಒಂದು ಪುಟಕ್ಕೆ ಒಬ್ಬರೇ ಸಾಕು. ಹೆಸರಿನ ಪದ ದೊಡ್ಡದಾಗಿ ಬರೆಯಿರಿ, ಮಗುವಿನ ಕಿರುಬೆರಳಿನಷ್ಟು ಎತ್ತರ ಇರಲಿ. ಒಂದು ಪುಟದಲ್ಲಿ ಎರಡು ವಾಕ್ಯ ದಾಟಬಾರದು. ಮೊದಲ ವಾಕ್ಯ ಪ್ರತಿ ಪುಟದಲ್ಲೂ ಒಂದೇ ಆಗಿರಲಿ. ‘ಇವರು ನನ್ನ ಅಜ್ಜಿ’, ‘ಇವರು ನನ್ನ ಅಜ್ಜ’, ಹೀಗೆ. ಮೂರನೇ ಪುಟಕ್ಕೆ ಬರುವಾಗ ಮಗು ‘ಇವರು ನನ್ನ’ ಅಂತ ತಾನೇ ಓಡುತ್ತದೆ. ಹೊಸ ಪದ ಒಂದರ ಮೇಲೆಯೇ ಅದರ ಗಮನ ನಿಲ್ಲುತ್ತದೆ. ಎರಡನೇ ವಾಕ್ಯದಲ್ಲಿ ಆ ವ್ಯಕ್ತಿ ದಿನಾಲೂ ಮಾಡುವ ಕೆಲಸ ಬರಲಿ, ನಿಮ್ಮ ಮನೆಯಲ್ಲಿ ನಿಜವಾಗಿ ನಡೆಯುವುದು. ಅಜ್ಜಿ ಏನು ಮಾಡುತ್ತಾರೋ ಅದೇ.


ಉಪ್ಪಳದ ಅಪ್ಪ:

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. ಅಲ್ಲಿಂದ ಇಲ್ಲಿವರೆಗೆ ಕನ್ನಡ ಉಳಿಸಿಕೊಳ್ಳಲು ಎಷ್ಟು ಜನ ಓಡಾಡಿದ್ದಾರೆ. ನನ್ನ ಅಜ್ಜ ಕೂಡ ಮೆರವಣಿಗೆಗಳಲ್ಲಿ ನಡೆದವರು. ಮಲಯಾಳ ಬಸ್ಸಿನ ಬೋರ್ಡಿನಲ್ಲಿ ಉಂಟು, ಆಫೀಸಿನಲ್ಲಿ ಉಂಟು, ಟಿವಿಯಲ್ಲಿ ಉಂಟು. ಮಕ್ಕಳಿಗೆ ಅದು ಹೇಗೂ ಬರುತ್ತದೆ. ಮನೆಯಲ್ಲಿ ಮಲಗುವ ಮೊದಲು ಓದುವ ಒಂದು ಪುಸ್ತಕದಲ್ಲಾದರೂ ಕನ್ನಡ ಒಂದೇ ಇರಲಿ ಅಂತ ನನಗೆ ಅನಿಸುತ್ತದೆ. ಒಂದು ಪುಟದಲ್ಲಿ ಎರಡೂ ಇದ್ದರೆ ಮಕ್ಕಳು ಯಾವುದು ಸುಲಭವೋ ಅದನ್ನೇ ಓದುತ್ತಾರೆ. ಇವತ್ತು ಕನ್ನಡ ಸುಲಭ. ಐದನೇ ಕ್ಲಾಸಿಗೆ ಬರುವಾಗ?


ಸೀತಾಂಗೋಳಿ ಅಮ್ಮ:

ಟೀಚರ್, ಒತ್ತಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಪಟ್ಟಿ ಮಾಡಿ ನೋಡಿದೆ, ನೀವು ಹೇಳಿದ್ದು ಅಕ್ಷರಶಃ ನಿಜ. ನಮ್ಮ ತುಳುವಿನ ‘ಅಪ್ಪೆ’ಗೂ ಒತ್ತು! ಅತ್ತೆಯವರು ಈಗಲೂ ಅಮ್ಮನಿಗೆ ‘ಅಪ್ಪೆ’ ಅನ್ನುವುದು. ಮಗಳು ‘ಅಪ್ಪ’, ‘ಅಪ್ಪೆ’ ಎರಡನ್ನೂ ಒಟ್ಟಿಗೆ ಬರೆದು, ‘ಒಂದು ಸಣ್ಣ ಎತ್ವ ಹಾಕಿದ್ರೆ ಅಪ್ಪ ಅಮ್ಮ ಆಗ್ತಾರೆ’ ಅಂದಳು.

ಉಪ್ಪಳದ ಅಣ್ಣ, ನಿಮ್ಮ ಮಾತು ನನ್ನ ಮನಸ್ಸಿಗೆ ತಾಗಿತು. ಬೇಜಾರು ಎಂತದ್ದೂ ಇಲ್ಲ. ನಾನೂ ಕನ್ನಡ ಮಾಧ್ಯಮಕ್ಕೇ ಹಾಕಿದವಳು, ಅಕ್ಕಪಕ್ಕದವರು ಹತ್ತು ಮಾತು ಹೇಳಿದರೂ ಹಾಕಿದೆ. ಆದರೆ ನನ್ನ ಮಗಳು ಮಲಯಾಳ ಕೇಳುತ್ತಿರುವುದು ಆಫೀಸಿಗೋಸ್ಕರ ಅಲ್ಲ, ಅಮ್ಮಮ್ಮನಿಗೋಸ್ಕರ. ಅವರು ಇವಳನ್ನು ಎರಡು ವರ್ಷದಿಂದ ಸಂಜೆ ಸಂಜೆ ಸಾಕಿದವರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಇವಳು ಕನ್ನಡದಲ್ಲಿ ಮೊದಲ ಸಲ ಒಂದು ಪುಟ ಓದಿ ಮುಗಿಸಿದಾಗ ಅಲ್ಲಿಗೆ ಪುಸ್ತಕ ಹಿಡಿದುಕೊಂಡು ಓಡಿದಳು. ಅವರು ಕೇಳಿ ಖುಷಿಪಟ್ಟರು, ಆದರೆ ಪುಟ ನೋಡಿ ಸರಿ ತಪ್ಪು ಹೇಳಲು ಆಗಲಿಲ್ಲ. ಇಬ್ಬರೂ ಒಂದೇ ಪುಸ್ತಕ ಹಿಡಿದು ಕೂರಬೇಕು ಅನ್ನುವುದು ನನ್ನ ಆಸೆ.


ಬೇಳದವಳು, ಈಗ ಹ್ಯೂಸ್ಟನ್:

ನಮಸ್ಕಾರ ಅಕ್ಕ. ನಾನು ಬೇಳದಲ್ಲಿ ಹುಟ್ಟಿ ಬೆಳೆದವಳು. ಈಗ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಎಂಟು ವರ್ಷ ಆಯಿತು. ಇಲ್ಲಿಯ ಲೈಬ್ರರಿಯಲ್ಲಿ ಶನಿವಾರ ಸಣ್ಣ ಮಕ್ಕಳಿಗೆ ಕಥೆ ಓದಲು ಹೋಗುತ್ತೇನೆ, ಸಂಬಳಕ್ಕಲ್ಲ. ನಿಮ್ಮ ಅಕ್ಕ ತಂದ ಪುಸ್ತಕಗಳಂಥವನ್ನು ನೂರಾರು ಸಲ ಕೈಯಲ್ಲಿ ಹಿಡಿದಿದ್ದೇನೆ. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಇಲ್ಲಿ ಕೂಡ ಇಂಥ ಪುಸ್ತಕ ಮೊದಲಿನಿಂದ ರಾಶಿ ಬಿದ್ದಿರಲಿಲ್ಲ. 1921ರಲ್ಲಿ ನ್ಯೂಯಾರ್ಕ್‌ನ ಸಾರ್ವಜನಿಕ ಲೈಬ್ರರಿಗೆ ಪುರಾ ಬೆಲ್ಪ್ರೆ ಎಂಬ ಪೋರ್ಟೊ ರಿಕೋದ ಹೆಂಗಸು ಸೇರಿದರು. ಮಕ್ಕಳಿಗೆ ಸ್ಪ್ಯಾನಿಷ್‌ನಲ್ಲಿ ಕಥೆ ಹೇಳಿದರು, ಬೊಂಬೆ ಮಾಡಿ ಆಡಿಸಿದರು. ಈಗ ಅವರ ಹೆಸರಿನಲ್ಲಿ ಮಕ್ಕಳ ಪುಸ್ತಕಕ್ಕೆ ಒಂದು ದೊಡ್ಡ ಪ್ರಶಸ್ತಿ ಉಂಟು, 1996ರಿಂದ ಕೊಡುತ್ತಾರೆ. ಎರಡು ಭಾಷೆಯ ಪುಸ್ತಕಗಳನ್ನೇ ಹಠ ಹಿಡಿದು ಮಾಡಿದ ಒಂದು ಸಣ್ಣ ಪ್ರಕಾಶನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1975ರಲ್ಲಿ ಶುರುವಾಯಿತು, ಚಿಲ್ಡ್ರನ್ಸ್ ಬುಕ್ ಪ್ರೆಸ್ ಅಂತ. ಅವರು 1990ರಲ್ಲಿ ತಂದ ಒಂದು ಪುಸ್ತಕ ನನಗೆ ಬಹಳ ಇಷ್ಟ. ಅದರ ಚಿತ್ರಕಾರ್ತಿ ಕಾರ್ಮೆನ್ ಲೋಮಾಸ್ ಗಾರ್ಸಾ, ನಮ್ಮ ಟೆಕ್ಸಾಸ್‌ನ ಕಿಂಗ್ಸ್‌ವಿಲ್ ಎಂಬ ಊರಿನಲ್ಲಿ ಬೆಳೆದವರು. ತಮ್ಮ ಬಾಲ್ಯದ ಮನೆಯನ್ನೇ ಒಂದೊಂದು ಪುಟಕ್ಕೆ ಒಂದೊಂದು ಚಿತ್ರವಾಗಿ ಬರೆದಿದ್ದಾರೆ. ಒಂದರಲ್ಲಿ ಮನೆಯವರೆಲ್ಲ ಅಡುಗೆಮನೆಯಲ್ಲಿ ಸೇರಿ ತಮಾಲೆ ಕಟ್ಟುತ್ತಿದ್ದಾರೆ. ತಮಾಲೆ ಅಂದರೆ ಮೆಕ್ಕೆಜೋಳದ ಹಿಟ್ಟಿನೊಳಗೆ ಹೂರಣ ಇಟ್ಟು, ಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸುವುದು. ನನಗೆ ಅದನ್ನು ನೋಡಿದಾಗೆಲ್ಲ ನಮ್ಮಲ್ಲಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವುದು ನೆನಪಾಗುತ್ತದೆ. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲೂ ಆರ್ತೆ ಪೂಬ್ಲಿಕೋ ಎಂಬ ಪ್ರಕಾಶನ ಇದೆ, 1979ರದ್ದು. 1994ರಿಂದ ಮಕ್ಕಳಿಗಾಗಿ ‘ಪಿನ್ಯಾಟಾ’ ಹೆಸರಿನಲ್ಲಿ ಎರಡು ಭಾಷೆಯ ಪುಸ್ತಕ ತರುತ್ತಾರೆ.

ಓದಲು ಶುರುಮಾಡಿದ ಮಕ್ಕಳಿಗೆ ಸ್ಪ್ಯಾನಿಷ್ ಸಾಲು ಸುಲಭ. ಅದರಲ್ಲಿ ಐದು ಸ್ವರಾಕ್ಷರ, ಒಂದೊಂದಕ್ಕೆ ಒಂದೇ ಉಚ್ಚಾರ. ಬರೆದ ಹಾಗೆ ಓದಿದರೆ ಆಯಿತು, ನಮ್ಮ ಕನ್ನಡದ ಹಾಗೆ. ಪ್ರಶ್ನೆ ಬರುವಲ್ಲಿ ಸಾಲಿನ ಶುರುವಿನಲ್ಲೇ ತಲೆಕೆಳಗಾದ ಪ್ರಶ್ನೆಚಿಹ್ನೆ ಇರುತ್ತದೆ. ಮಗುವಿಗೆ ರಾಗ ಎಳೆಯಬೇಕು ಅಂತ ಮೊದಲೇ ಗೊತ್ತಾಗುತ್ತದೆ. ಇಂಗ್ಲಿಷ್ ಸಾಲಿನಲ್ಲಿ ‘ಡಾಟರ್’ ಅನ್ನುವುದರ ಸ್ಪೆಲ್ಲಿಂಗ್ ನೋಡಿ ಮಕ್ಕಳು ತಡವರಿಸುತ್ತಾರೆ.

ಈಗ ಉಪ್ಪಳದ ಅಣ್ಣ ಹೇಳಿದ ಮಾತಿಗೆ ಬರುತ್ತೇನೆ. ಅವರ ಭಯ ಸುಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಜನ ಮತ ಹಾಕಿ ಶಾಲೆಗಳಲ್ಲಿ ಎರಡು ಭಾಷೆಯಲ್ಲಿ ಕಲಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದರು. 2016ರಲ್ಲಿ ಮತ್ತೆ ಮತ ಹಾಕಿ ಅದನ್ನು ತೆಗೆದರು. ಆ ಹದಿನೆಂಟು ವರ್ಷದಲ್ಲಿ ಶಾಲೆಗೆ ಹೋದ ಮಕ್ಕಳಲ್ಲಿ ಅನೇಕರು ಈಗ ದೊಡ್ಡವರು. ಅಂಥ ಒಬ್ಬಳು ತಾಯಿ ನನ್ನ ಹತ್ತಿರ ಹೇಳಿದಳು: ಅಜ್ಜಿ ಸ್ಪ್ಯಾನಿಷ್‌ನಲ್ಲಿ ಕೇಳುತ್ತಿದ್ದರಂತೆ, ಇವಳು ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳಂತೆ. ಕೊನೆಗೆ ಅಜ್ಜಿ ಕೇಳುವುದನ್ನೇ ಬಿಟ್ಟರಂತೆ. ಈಗ ತನ್ನ ಮಗನನ್ನು ಕರೆದುಕೊಂಡು ಪ್ರತಿ ಶನಿವಾರ ಬರುತ್ತಾಳೆ.

ನಾನು ಕಂಡ ತಪ್ಪೂ ಹೇಳುತ್ತೇನೆ. ಜಾಸ್ತಿ ಪುಸ್ತಕಗಳಲ್ಲಿ ಇಂಗ್ಲಿಷ್ ಮೇಲೆ, ದಪ್ಪ ಅಕ್ಷರದಲ್ಲಿ. ಸ್ಪ್ಯಾನಿಷ್ ಕೆಳಗೆ, ಸಣ್ಣದಾಗಿ, ಓರೆ ಅಕ್ಷರದಲ್ಲಿ. ಯಾವುದು ದೊಡ್ಡದು ಅಂತ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀವು ಮಾಡುವಾಗ ಎರಡೂ ಒಂದೇ ಅಳತೆ ಇರಲಿ. ಎಡಗಡೆ ಒಂದು, ಬಲಗಡೆ ಒಂದು. ಬಣ್ಣ ಬೇರೆ ಮಾಡಿ.

ಮತ್ತೆ, ಓದುವಾಗ ಒಂದು ಸಾಲು ಕನ್ನಡ, ಅದರದ್ದೇ ಒಂದು ಸಾಲು ಮಲಯಾಳ ಅಂತ ಓದಬೇಡಿ. ಹಾಗೆ ಓದಿದರೆ ಮಗು ಕಷ್ಟದ ಸಾಲಿಗೆ ಕಿವಿ ಕೊಡುವುದಿಲ್ಲ, ಸುಲಭದ್ದು ಬರಲಿ ಅಂತ ಕಾಯುತ್ತದೆ. ನಾನು ಶನಿವಾರಗಳಲ್ಲಿ ಮಾಡಿ ನೋಡಿದ್ದು ಹೀಗೆ: ಇವತ್ತು ಇಡೀ ಪುಸ್ತಕ ಒಂದು ಭಾಷೆಯಲ್ಲಿ, ಇನ್ನೊಂದು ಭಾಷೆಯ ಮೇಲೆ ಒಂದು ಕಾಗದದ ಪಟ್ಟಿ. ನಾಳೆ ಪಟ್ಟಿ ಆಚೆಗೆ. ನಿಮ್ಮಲ್ಲಂತೂ ಓದುವವರೇ ಇಬ್ಬರು ಇದ್ದಾರಲ್ಲ. ಸಂಜೆ ಅಮ್ಮಮ್ಮ ಬಲಗಡೆಯ ಪುಟ ಓದಲಿ, ರಾತ್ರಿ ನೀವು ಎಡಗಡೆಯದ್ದು.


ಉಪ್ಪಳದ ಅಪ್ಪ:

ಆ ಅಜ್ಜಿ ಕೇಳುವುದನ್ನೇ ಬಿಟ್ಟರು ಅನ್ನುವುದು ನನಗೆ ಈಗಲೂ ತಲೆಯಲ್ಲಿ ಸುತ್ತುತ್ತಾ ಉಂಟು. ಒಂದೇ ಅಳತೆಯ ಅಕ್ಷರ ಅಂದರಲ್ಲ, ಅದಕ್ಕೆ ನನ್ನ ಒಪ್ಪಿಗೆ ಉಂಟು.


ಕಾಞಂಗಾಡ್ ಅನುವಾದಕ:

ನಾನು ಎರಡೂ ಭಾಷೆಯಲ್ಲಿ ಕೆಲಸ ಮಾಡುವವನು. ಮೊದಲು ಪುಸ್ತಕ ಎಲ್ಲಿ ಸಿಗುತ್ತದೆ ಅನ್ನುವುದನ್ನು ಹೇಳಿ ಮುಗಿಸುತ್ತೇನೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ‘ಸ್ಟೋರಿವೀವರ್’ ಎಂಬ ಜಾಲತಾಣ ಶುರುಮಾಡಿದರು. ಅಲ್ಲಿ ಒಂದೇ ಚಿತ್ರಕಥೆ ಹಲವು ಭಾಷೆಗಳಲ್ಲಿ ಇರುತ್ತದೆ, ಕನ್ನಡ, ಮಲಯಾಳ ಎರಡೂ. ದುಡ್ಡಿಲ್ಲ. ಓದುವ ಮಟ್ಟ ಅಂತ ನಾಲ್ಕು ಮಾಡಿದ್ದಾರೆ, ನಿಮ್ಮ ಮಗಳಿಗೆ ಒಂದನೇ ಮಟ್ಟದ್ದು ನೋಡಿ. ಎರಡೂ ಭಾಷೆಯಲ್ಲಿ ಇರುವ ಕಥೆ ಹುಡುಕಿ, ಎರಡನ್ನೂ ಇಳಿಸಿ ಪ್ರಿಂಟ್ ತೆಗೆದು, ಒಂದರ ಎದುರಿಗೆ ಒಂದು ಪುಟ ಬರುವ ಹಾಗೆ ಹೊಲಿಯಿರಿ. ಚಿತ್ರ ಒಂದೇ ಇರುವುದರಿಂದ ಸರಿಯಾಗಿ ಕೂರುತ್ತದೆ. ಹೆಸರು ಹಾಕಿ ಪ್ರಿಂಟ್ ತೆಗೆಯಲು, ಅನುವಾದ ಮಾಡಲು ಅವರ ಲೈಸೆನ್ಸಿನಲ್ಲೇ ಒಪ್ಪಿಗೆ ಇದೆ. ಚೆನ್ನೈಯ ತೂಲಿಕಾದವರು ಇಂಗ್ಲಿಷ್ ಜೊತೆ ಒಂದು ಭಾರತೀಯ ಭಾಷೆ ಇಟ್ಟು ಒಳ್ಳೆಯ ಚಿತ್ರಪುಸ್ತಕ ಮಾಡುತ್ತಾರೆ.

ಆದರೆ ಮನೆಯವರ ಬಗ್ಗೆ ಆದರೆ ನೀವೇ ಬರೆಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಇಂಗ್ಲಿಷ್–ಸ್ಪ್ಯಾನಿಷ್‌ಗೆ ಸಂಬಂಧದ ಮಾತು ಹೊಂದಿಸುವುದು ಅಷ್ಟು ಕಷ್ಟ ಇಲ್ಲ. ಅಂಕಲ್ ಅಂದರೆ ‘ತೀಯೊ’, ಅಪ್ಪನ ಕಡೆಯಾದರೂ ಅಮ್ಮನ ಕಡೆಯಾದರೂ. ಅಜ್ಜಿ ‘ಅಬ್ವೇಲಾ’, ಎರಡೂ ಕಡೆಗೆ ಒಂದೇ. ಕಸಿನ್ ಬಂದಾಗ ಮಾತ್ರ ಹುಡುಗನೋ ಹುಡುಗಿಯೋ ಅಂತ ನೋಡಬೇಕು, ‘ಪ್ರೀಮೊ’ ಅಥವಾ ‘ಪ್ರೀಮಾ’. ನಮ್ಮಲ್ಲಿ ಹಾಗಲ್ಲ. ಕನ್ನಡದಲ್ಲಿ ‘ಅಜ್ಜಿ’ ಅಂತ ಬರೆದು ಮುಂದೆ ಹೋಗಬಹುದು. ಮಲಯಾಳಕ್ಕೆ ಬಂದಾಗ ಕೈ ನಿಲ್ಲುತ್ತದೆ. ಅಮ್ಮನ ಅಮ್ಮನಾದರೆ ‘ಅಮ್ಮಮ್ಮ’, ಅಪ್ಪನ ಅಮ್ಮನಾದರೆ ‘ಅಚ್ಛಮ್ಮ’. ಚಿತ್ರದಲ್ಲಿರುವ ಅಜ್ಜಿ ಯಾವ ಕಡೆಯವರು ಅಂತ ಗೊತ್ತಿಲ್ಲದೆ ಒಂದು ಸಾಲೂ ಬರೆಯಲಾಗದು. ನಿಮ್ಮ ಮನೆಯಲ್ಲಿ ತುಳುವಿನ ‘ತಮ್ಮಲೆ’ ಬೇರೆ ಇದ್ದಾರೆ. ಕನ್ನಡ ಕಲಿತ ಮಗು ಅದರಲ್ಲಿ ‘ತಮ್ಮ’ನನ್ನು ಕಾಣುತ್ತದೆ, ಇರುವುದು ಸೋದರಮಾವ!

ಒಂದು ಕಡೆ ಮಲಯಾಳ ಸುಲಭ. ಕನ್ನಡದಲ್ಲಿ ತಮ್ಮ ನಗುತ್ತಾನೆ, ತಂಗಿ ನಗುತ್ತಾಳೆ, ಅಜ್ಜಿ ನಗುತ್ತಾರೆ. ಪ್ರತಿ ಪುಟಕ್ಕೂ ಕೊನೆ ಬದಲಾಗುತ್ತದೆ. ಮಲಯಾಳದಲ್ಲಿ ಮೂವರಿಗೂ ‘ಚಿರಿಕ್ಕುನ್ನು’. ಟೀಚರ್ ಹೇಳಿದ ಹಾಗೆ ಒಂದೇ ವಾಕ್ಯ ಮರುಕಳಿಸುವ ಪುಸ್ತಕಕ್ಕೆ ಇದು ಹೇಳಿ ಮಾಡಿಸಿದ್ದು.

ಅಕ್ಷರದಲ್ಲಿ ಒಂದು ಎಚ್ಚರಿಕೆ. ಅಕ್ಷರಮಾಲೆಯ ಕ್ರಮ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಅದು ದೊಡ್ಡ ಅನುಕೂಲ. ಆದರೆ ‘ಚೇಚ್ಚಿ’ (ಅಕ್ಕ) ಅಂತ ಮಲಯಾಳದಲ್ಲಿ ಬರೆಯುವಾಗ ಏ ಕಾರದ ಗುರುತು ಚ ಅಕ್ಷರದ ಎಡಗಡೆ ಬರುತ್ತದೆ. ಕಣ್ಣಿಗೆ ಮೊದಲು ಸಿಗುವುದು ಏ, ಬಾಯಿಗೆ ಮೊದಲು ಬರಬೇಕಾದದ್ದು ಚ. ಕನ್ನಡದಿಂದ ಬಂದ ಮಕ್ಕಳು ಇಲ್ಲಿ ಒಂದು ವಾರ ಎಡವುತ್ತಾರೆ. ಬೈಯಬೇಡಿ.

ಕೊನೆಯದು, ನನಗೆ ಅತೀ ಇಷ್ಟದ್ದು. ನಿಮ್ಮ ಮಗಳ ಅಕ್ಷರದ ಚಾರ್ಟ್ ತೆಗೆದು ನೋಡಿ. ಕಮಲ, ಖಡ್ಗ, ಗಣಪತಿ ಅಂತ ಎಲ್ಲಾ ಮನೆಗೂ ಚಿತ್ರ ಇರುತ್ತದೆ. ಙ ಮತ್ತು ಞ ಈ ಎರಡು ಮನೆ ಖಾಲಿ. ಕನ್ನಡದಲ್ಲಿ ಅವುಗಳಿಗೆ ಕೂರಿಸಲು ಪದ ಸಿಗುವುದಿಲ್ಲ. ಮಲಯಾಳದಲ್ಲಿ ‘ನಾನು’ ಅನ್ನುವುದೇ ‘ಞಾನ್’. ‘ನಾವು’ ಅನ್ನುವುದು ‘ಞಙ್ಙಳ್’, ಖಾಲಿ ಇದ್ದ ಎರಡೂ ಅಕ್ಷರ ಒಂದೇ ಪದದಲ್ಲಿ! ನಮ್ಮ ಊರಿನ ಹೆಸರನ್ನು ಮಲಯಾಳದಲ್ಲಿ ಬರೆದರೆ ಅದರಲ್ಲೂ ಎರಡೂ ಉಂಟು, ಬಸ್ಸಿನ ಬೋರ್ಡಿನಲ್ಲಿ ತೋರಿಸಿ. ಸ್ಪ್ಯಾನಿಷ್‌ನವರಿಗೂ ಇದೇ ಞ ಸದ್ದು ಉಂಟು, ನ ಅಕ್ಷರದ ಮೇಲೆ ಸಣ್ಣ ಅಲೆ ಹಾಕಿ ಬರೆಯುತ್ತಾರೆ. ಪುಟ್ಟ ಹುಡುಗಿ ಅನ್ನುವ ಅವರ ಪದ ‘ನೀಞಾ’.

ಹಾಂ, ‘ನಾವು’ ಅಂದಾಗ ನೆನಪಾಯಿತು. ಮಲಯಾಳದಲ್ಲಿ ಅದು ಎರಡು. ಕೇಳುವವರನ್ನು ಬಿಟ್ಟು ನಾವು ಅಂದರೆ ‘ಞಙ್ಙಳ್’. ಕೇಳುವವರನ್ನೂ ಸೇರಿಸಿದರೆ ‘ನಮ್ಮಳ್’. ನಿಮ್ಮ ತುಳುವಿನಲ್ಲಿ ಎಂಕುಲು, ನಮ ಇದ್ದ ಹಾಗೆ. ಕನ್ನಡದಲ್ಲಿ ‘ನಮ್ಮ ಮನೆ’ ಅಂತ ಬರೆದರೆ ಎರಡಕ್ಕೂ ಆಯಿತು. ಮಲಯಾಳದ ಪುಟಕ್ಕೆ ಯಾವುದು ಅಂತ ನೀವು ಆರಿಸಬೇಕಾಗುತ್ತದೆ.


ಬದಿಯಡ್ಕ ಫೋಟೋಸ್ಟಾಟ್:

ಮಾಡುವುದಾದರೆ ಕಾಗದ ದಪ್ಪದ್ದು ತೆಗೆದುಕೊಳ್ಳಿ. ಮಾಮೂಲಿ ಝೆರಾಕ್ಸ್ ಕಾಗದದಲ್ಲಿ ಹಿಂದಿನ ಪುಟದ ಅಕ್ಷರ ಕಾಣುತ್ತದೆ, ಮಕ್ಕಳಿಗೆ ಗಲಿಬಿಲಿ. ನಾಲ್ಕು ಹಾಳೆ ನಡುವೆ ಮಡಚಿದರೆ ಹದಿನಾರು ಪುಟ. ಪಿನ್ ಹೊಡೆಯಬೇಡಿ, ಬೆರಳಿಗೆ ಚುಚ್ಚುತ್ತದೆ. ದಾರದಲ್ಲಿ ಹೊಲಿಯಿರಿ. ಅಕ್ಷರ ಕೈಯಲ್ಲೇ ಬರೆಯಿರಿ, ಒತ್ತು ಒಡೆಯುವ ತೊಂದರೆಯೇ ಇಲ್ಲ.


ಸೀತಾಂಗೋಳಿ ಅಮ್ಮ (ಮೂರು ವಾರದ ಮೇಲೆ):

ಎಲ್ಲರಿಗೂ ದೊಡ್ಡ ಧನ್ಯವಾದ. ಪುಸ್ತಕ ಆಯಿತು. ನಾಲ್ಕು ಹಾಳೆ, ಹದಿನಾರು ಪುಟ. ಹೊಲಿಗೆ ಮಿಷನ್‌ನಲ್ಲೇ ನಡುವೆ ದಪ್ಪ ದಾರದ ಒಂದು ಹೊಲಿಗೆ ಹಾಕಿದೆ, ಗಟ್ಟಿಯಾಗಿ ನಿಂತಿದೆ. ಎಡಗಡೆ ನಾನು ನೀಲಿ ಪೆನ್ನಿನಲ್ಲಿ ಕನ್ನಡ ಬರೆದೆ. ಬಲಗಡೆ ಅಮ್ಮಮ್ಮ ಹಸಿರು ಪೆನ್ನಿನಲ್ಲಿ ಮಲಯಾಳ. ಅಳತೆ ಒಂದೇ ಇರಲಿ ಅಂತ ಸ್ಕೇಲ್ ಇಟ್ಟು ಗೆರೆ ಎಳೆದುಕೊಟ್ಟಿದ್ದೆ. ಚಿತ್ರ ಎಲ್ಲಾ ಮಗಳದ್ದು.

ಮೊದಲ ಪುಟ ‘ಇದು ನಾನು’. ಎದುರಿಗೆ ‘ಇದ್ ಞಾನ್’. ಅದನ್ನು ಓದಲು ಕಲಿತ ದಿನ ಮಗಳು ಗೋಡೆಯ ಚಾರ್ಟಿನಲ್ಲಿ ಞ ಅಕ್ಷರದ ಖಾಲಿ ಮನೆಯೊಳಗೆ ಪೆನ್ಸಿಲಿನಲ್ಲಿ ತನ್ನದೇ ಮುಖ ಬರೆದಿದ್ದಾಳೆ, ಎರಡು ಜಡೆ ಹಾಕಿ.

ಆಮೇಲೆ ಅಜ್ಜಿಯ ಪುಟ. ಅತ್ತೆಯವರು ಬೀಡಿ ಕಟ್ಟುವವರು. ‘ಇವರು ನನ್ನ ಅಜ್ಜಿ. ಅಜ್ಜಿ ಬೀಡಿ ಕಟ್ಟುತ್ತಾರೆ.’ ಅಮ್ಮಮ್ಮ ಅದಕ್ಕೆ ‘ಅಚ್ಛಮ್ಮ ಬೀಡಿ ತೆರುಕ್ಕುನ್ನು’ ಅಂತ ಬರೆದರು. ತಾನೂ ಮದುವೆಯಾಗಿ ಬಂದ ಹೊಸತರಲ್ಲಿ ಹತ್ತು ವರ್ಷ ಬೀಡಿ ಕಟ್ಟಿದ್ದೆ ಅಂತ ಆಗ ಹೇಳಿದರು. ಎಂಟು ವರ್ಷದಿಂದ ಪಕ್ಕದಲ್ಲಿದ್ದೇವೆ, ನನಗೆ ಗೊತ್ತೇ ಇರಲಿಲ್ಲ. ಅತ್ತೆಯವರೂ ಅವರೂ ಅವತ್ತು ಒಂದು ಗಂಟೆ ಎಲೆ, ಹೊಗೆಸೊಪ್ಪು, ಕಟ್ಟಿನ ಲೆಕ್ಕ ಮಾತಾಡಿದರು, ಒಬ್ಬರು ತುಳುವಿನಲ್ಲಿ, ಒಬ್ಬರು ಮಲಯಾಳದಲ್ಲಿ.

ಅಜ್ಜ ಅಂಗಳದಲ್ಲಿ ಅಡಿಕೆ ಒಣಗಿಸುತ್ತಾರೆ. ಅಪ್ಪ ಆಟೋ ಓಡಿಸುತ್ತಾರೆ. ಮಾವ ದುಬೈಯಲ್ಲಿದ್ದಾರೆ, ಮಗಳು ಅವರನ್ನು ಬರೆದದ್ದು ಫೋನಿನೊಳಗೆ. ನಾನು ಬಟ್ಟೆ ಹೊಲಿಯುತ್ತೇನೆ, ನನ್ನ ಚಿತ್ರದಲ್ಲಿ ಮಿಷನ್ ನನಗಿಂತ ದೊಡ್ಡದು. ಟೀಚರ್, ‘ಇವರು ನನ್ನ’ ಅನ್ನುವುದು ನೀವು ಹೇಳಿದ ಹಾಗೆಯೇ ಮೂರನೇ ಪುಟದಲ್ಲಿ ಅವಳ ಬಾಯಿಗೆ ಬಂತು. ‘ಅತ್ತೆ’ಯಲ್ಲಿ ಮಾತ್ರ ಇನ್ನೂ ನಿಲ್ಲುತ್ತಾಳೆ. ಹ್ಯೂಸ್ಟನ್ ತಂಗೀ, ಕಾಗದದ ಪಟ್ಟಿ ಬೇಕಾಗಲಿಲ್ಲ. ಸಂಜೆ ಅಲ್ಲಿ ಬಲಗಡೆ, ರಾತ್ರಿ ಇಲ್ಲಿ ಎಡಗಡೆ, ಹಾಗೆ ನಡೆಯುತ್ತಾ ಉಂಟು.

ಕೊನೆಯ ಪುಟ ‘ಇದು ನಮ್ಮ ಮನೆ’. ಅನುವಾದಕ ಅಣ್ಣ ಹೇಳಿದ್ದು ನೆನಪಿತ್ತು. ಅಮ್ಮಮ್ಮ ಪೆನ್ನು ಹಿಡಿದು ಅದೇ ಕೇಳಿದರು, ‘ಞಙ್ಙಳುಡೆ ವೀಡ್ ಅಂತ ಬರೆಯಲಾ, ನಮ್ಮುಡೆ ವೀಡ್ ಅಂತ ಬರೆಯಲಾ?’ ನನಗೆ ಮೊದಲನೆಯದ್ದು ಬೇಕಿತ್ತು. ಚಾರ್ಟಿನ ಎರಡು ಖಾಲಿ ಅಕ್ಷರವೂ ಅದರಲ್ಲಿ ಬರುತ್ತದಲ್ಲ, ಕಲಿಯಲು ಒಳ್ಳೆಯದು ಅಂತ ಮಗಳಿಗೆ ಹೇಳಿದೆ.

‘ಬೇಡ. ನಮ್ಮುಡೆ’ ಅಂದಳು. ‘ಅಮ್ಮಮ್ಮ ಚಿತ್ರದಲ್ಲಿ ಇದ್ದಾರಲ್ಲ.’

ನೋಡಿದರೆ ಹೌದು. ಮನೆ ಒಂದೇ ಬರೆದಿದ್ದಾಳೆ, ಬಾಗಿಲು ಎರಡು. ಒಂದರಲ್ಲಿ ನಾವು ನಿಂತಿದ್ದೇವೆ, ಇನ್ನೊಂದರಲ್ಲಿ ಅಮ್ಮಮ್ಮ ಪೇಪರ್ ಹಿಡಿದು. ಅಮ್ಮಮ್ಮ ‘ನಮ್ಮುಡೆ ವೀಡ್’ ಅಂತಲೇ ಬರೆದರು.

ಪುಟಗಳನ್ನು ಸ್ಕ್ಯಾನ್ ಮಾಡಿ ಇಲ್ಲಿ ಹಾಕುತ್ತೇನೆ, ಬೇಕಾದವರು ಪ್ರಿಂಟ್ ತೆಗೆದುಕೊಳ್ಳಿ. ಹೆಸರು, ಕೆಲಸ ನಿಮ್ಮ ಮನೆಯದ್ದು ಹಾಕಿಕೊಳ್ಳಲು ಜಾಗ ಖಾಲಿ ಬಿಡುತ್ತೇನೆ. ಕೊನೆಯ ಪುಟದ ಬಲಗಡೆಯನ್ನೂ ಖಾಲಿಯೇ ಬಿಡುತ್ತೇನೆ. ಅಲ್ಲಿ ಯಾವುದು ಅಂತ ನಿಮ್ಮ ಮಕ್ಕಳ ಹತ್ತಿರ ಕೇಳಿ ಬರೆಯಿರಿ.